28ಕ್ಕೇ ಆಟ ಬಿಟ್ಟ ಲ್ಯೂಕ್ ಕೀಕ್ಲಿ

2020ರ ಜನವರಿಯಲ್ಲಿ ಲ್ಯೂಕ್ ಕೀಕ್ಲಿ ಅಮೆರಿಕನ್ ಫುಟ್‌ಬಾಲ್ ಬಿಟ್ಟಾಗ ಅಮೆರಿಕದಲ್ಲಿ ನಾನಿರುವ ಶಾರ್ಲೆಟ್‌ನಲ್ಲಿ ನಮ್ಮ ಕನ್ನಡದವರು ಆಡಿದ್ದು ಒಂದೇ ಮಾತು. "28 ವರ್ಷಕ್ಕೇ ಬಿಟ್ಟನಾ? ಕೈಗೆ ಬರೋ ದುಡ್ಡು ಬೇಡ ಅಂದನಲ್ಲ ಮಾರಾಯ!" ನನಗಂತೂ ಅವನು ಮಾಡಿದ್ದೇ ಸರಿ ಅನಿಸಿತ್ತು, ಈಗಲೂ ಹಾಗೇ ಅನಿಸುತ್ತದೆ.

ಅವನು ಇಲ್ಲಿಯ ಕೆರೊಲೈನಾ ಪ್ಯಾಂಥರ್ಸ್ ತಂಡದ ಲೈನ್‌ಬ್ಯಾಕರ್, ಅಂದ್ರೆ ಎದುರಾಳಿಯನ್ನು ತಡೆಯುವ ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಂತು ಎಲ್ಲರಿಗೂ ಜಾಗ ಹೇಳುವವನು. ಹೆಲ್ಮೆಟ್ಟಿನೊಳಗೆ ಒಂದು ಪುಟ್ಟ ಸ್ಪೀಕರ್ ಇರುತ್ತದೆ, ಕೋಚ್ ಮಾತು ಅದರಲ್ಲಿ ಬರುತ್ತದೆ, ಪ್ರತಿ ಸಲ ಚೆಂಡು ಆಡಿಸೋಕೆ ಕೊಡುವ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಅದೂ ಬಂದ್. ಆಮೇಲೆ ಎದುರಾಳಿ ಏನು ಮಾಡ್ತಾನೆ ಅಂತ ತಾನೇ ಊಹಿಸಬೇಕು. ಇದರಲ್ಲಿ ಕೀಕ್ಲಿ ಎತ್ತಿದ ಕೈ. ಹಳೇ ಪಂದ್ಯಗಳ ವಿಡಿಯೋ ಅಷ್ಟು ನೋಡಿರುತ್ತಿದ್ದ, ಚೆಂಡು ಕದಲುವ ಮೊದಲೇ ಎದುರಾಳಿಯ ಆಟ ಇದೇ ಅಂತ ಕೂಗಿ ಹೇಳುತ್ತಿದ್ದ. 2012ರಲ್ಲಿ ಬಂದವನು 2013ಕ್ಕೇ ಇಡೀ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ. ಮುಂದೆ ಅವನ ತಂಡ ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋಗಿ ಡೆನ್ವರ್ ತಂಡದ ಎದುರು ಸೋತಿತು.

ಆದರೆ 2015, 2016, 2017, ಮೂರು ವರ್ಷವೂ ತಲೆಗೆ ಪೆಟ್ಟು. 2016ರ ನವೆಂಬರ್‌ನಲ್ಲಿ ಸೇಂಟ್ಸ್ ವಿರುದ್ಧದ ಪಂದ್ಯದಲ್ಲಿ ಗುದ್ದು ಬಿದ್ದ ಮೇಲೆ, ಅಷ್ಟು ಗಟ್ಟಿ ಆಳು, ಉಸಿರು ಎಳೆದುಕೊಳ್ಳೋಕೂ ಆಗದೆ ಬಿಕ್ಕಿ ಬಿಕ್ಕಿ ಅಳುತ್ತಾ ಗಾಡಿಯಲ್ಲಿ ಕೂತು ಮೈದಾನದಿಂದ ಹೊರಗೆ ಹೋದ. ನೋಡೋಕೇ ಆಗಲಿಲ್ಲ.

ನಾವು ನೋವು ನುಂಗಿದವರನ್ನು ಮೆಚ್ಚುವ ಜನ. 2002ರಲ್ಲಿ ಆಂಟಿಗಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದ್ದನ್ನು ನೆನೆದರೆ ನನಗೂ ಮೈ ಜುಮ್ ಅನ್ನುತ್ತದೆ. ಆದರೆ ದವಡೆ ಕೂಡಿಕೊಳ್ಳುತ್ತದೆ, ಮಿದುಳು ಹಾಗಲ್ಲ. ಇನ್ನೊಬ್ಬ ದೊಡ್ಡ ಲೈನ್‌ಬ್ಯಾಕರ್ ಜೂನಿಯರ್ ಸೆಯಾವ್ 2012ರಲ್ಲಿ, 43ನೇ ವಯಸ್ಸಿಗೆ ಪ್ರಾಣ ಕಳೆದುಕೊಂಡ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಅನ್ನುವ ರೋಗ ಅವನ ಮಿದುಳಿನಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು.

ಇಲ್ಲಿಯವರೂ ಮೊದಲಿಂದ ಹುಷಾರಾಗಿದ್ದವರೇನಲ್ಲ. ತಲೆ ಸುತ್ತುತ್ತಿದ್ದವನನ್ನೇ ವಾಪಸ್ ಆಟಕ್ಕೆ ಕಳಿಸುತ್ತಿದ್ದ ಕಾಲ ಇತ್ತು. ಈಗ ಯಾವ ತಂಡಕ್ಕೂ ಸೇರದ ವೈದ್ಯರು ಮೈದಾನದ ಪಕ್ಕದಲ್ಲೇ ಇರುತ್ತಾರೆ. ಕೀಕ್ಲಿ ಬಿಟ್ಟಾಗ ಇಲ್ಲಿಯ ಜನ ಬೇಜಾರು ಮಾಡಿಕೊಂಡರು, ಆದರೆ ನನ್ನ ಆಫೀಸಿನಲ್ಲಿ ಒಬ್ಬರೂ ಹೇಡಿ ಅನ್ನಲಿಲ್ಲ. ಇನ್ನೂ ಆಡೋ ಆಸೆ ಇದೆ, ಆದರೆ ಅದು ಸರಿಯಲ್ಲ ಅಂತ ಅವನೇ ಹೇಳಿದ್ದ. ಆಮೇಲೆ ಇದೇ ತಂಡದ ಪಂದ್ಯಗಳಿಗೆ ರೇಡಿಯೋ ಕಾಮೆಂಟರಿಗೂ ಬಂದ.

ಊರಲ್ಲಿ ಕಬಡ್ಡಿ ಆಡುವಾಗ ಹುಡುಗನ ತಲೆಗೆ ಏಟು ಬಿದ್ದರೆ ನಾವೇನು ಮಾಡ್ತೀವಿ? ಒಂದು ಚೊಂಬು ನೀರು ಹಾಕಿ, "ಏನಾಗಲ್ಲ, ಆಡೋ" ಅಂತೀವಿ. ಶಾರ್ಲೆಟ್ ಇರುವ ನಾರ್ತ್ ಕೆರೊಲೈನಾ ರಾಜ್ಯದಲ್ಲಿ 2011ರಿಂದ ಇದಕ್ಕೆ ಕಾನೂನೇ ಇದೆ. ಅನುಮಾನ ಬಂದರೂ ಸಾಕು, ಶಾಲೆ ಹುಡುಗನನ್ನು ಆ ದಿನ ಆಡಿಸುವ ಹಾಗಿಲ್ಲ. ಅಪ್ಪ ಅಮ್ಮ ವರ್ಷಾ ವರ್ಷ ಒಂದು ಮಾಹಿತಿ ಹಾಳೆಗೆ ಸಹಿ ಹಾಕಬೇಕು. ನಮ್ಮವರು ಎಷ್ಟೋ ಜನ ಓದದೇ ಸುಮ್ನೆ ಸಹಿ ಹಾಕಿ ಕಳಿಸ್ತಾರೆ. ದಯವಿಟ್ಟು ಓದಿ. ಊರಲ್ಲಿರುವ ಪಿಇ ಮೇಷ್ಟ್ರುಗಳಿಗೂ ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಬರೆದು ಕಳಿಸಿ.