ವಿಡಿಯೋದ ವೈದ್ಯರು ಯಾರಿಗೆ ಉತ್ತರ ಕೊಡಬೇಕು?

ನಮ್ಮ ಅತ್ತೆ ಬಿಪಿ ಮಾತ್ರೆ ಬಿಟ್ಟು ಎರಡು ತಿಂಗಳಾಗಿದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ತಲೆ ಸುತ್ತುತ್ತದೆ ಎಂದರು; ಬದಿಯಡ್ಕಕ್ಕೆ ಕರೆದುಕೊಂಡು ಹೋಗಿ ಪರೀಕ್ಷಿಸಿದಾಗ ಮೇಲಿನ ಅಂಕೆ 190 ದಾಟಿತ್ತು. ಮನೆಗೆ ಬಂದು ಬಿಸ್ಕತ್ತಿನ ಹಳೆಯ ಡಬ್ಬಿ ತೆರೆದರೆ ರಬ್ಬರ್ ಬ್ಯಾಂಡ್ ಸುತ್ತಿದ ಮಾತ್ರೆಯ ಎಲೆಗಳು ಒಂದೂ ಒಡೆಯದೆ ಹಾಗೆಯೇ ಇದ್ದವು. ಯಾಕೆಂದು ಕೇಳಿದ್ದಕ್ಕೆ ಅವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಬಿಳಿ ಕೋಟು ತೊಟ್ಟ ವೈದ್ಯರೊಬ್ಬರು ಬಿಪಿ ಮಾತ್ರೆಯೇ ಕಿಡ್ನಿಯನ್ನು ಹಾಳುಮಾಡುತ್ತದೆ ಎಂದು ಸ್ವಚ್ಛವಾದ ಕನ್ನಡದಲ್ಲಿ ವಿವರಿಸುತ್ತಿದ್ದರು. ಕೊನೆಯ ಅರ್ಧ ನಿಮಿಷದಲ್ಲಿ ಒಂದು ಪುಡಿಯ ಡಬ್ಬಿ ಕಾಣಿಸಿತು, ಅದರ ಕೆಳಗೆ ವಾಟ್ಸಾಪ್ ಸಂಖ್ಯೆ. ಹತೋಟಿ ತಪ್ಪಿದ ರಕ್ತದೊತ್ತಡವೇ ಕಿಡ್ನಿಯನ್ನು ಕೆಡಿಸುವ ದೊಡ್ಡ ಕಾರಣಗಳಲ್ಲೊಂದು ಎಂಬ ಮಾತು ಆ ಇಡೀ ವಿಡಿಯೋದಲ್ಲಿ ಎಲ್ಲಿಯೂ ಇರಲಿಲ್ಲ. ಅವರು ನಕಲಿ ವೈದ್ಯರೂ ಅಲ್ಲ. ಹುಡುಕಿ ನೋಡಿದೆ, ಕರ್ನಾಟಕದಲ್ಲಿ ನೋಂದಣಿಯಾದವರೇ.

ಅತ್ತೆ ನಂಬಿದ್ದಕ್ಕೆ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಕಾಸರಗೋಡಿನ ಕನ್ನಡಿಗರ ಪಾಡು ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಆರೋಗ್ಯ ಕೇಂದ್ರದ ವೈದ್ಯೆ ಒಳ್ಳೆಯವರೇ, ಆದರೆ ತೆಂಕಣ ಜಿಲ್ಲೆಯಿಂದ ಬಂದ ಅವರು ಆಡುವುದು ಮಲಯಾಳ. ಅತ್ತೆ ಅರ್ಧ ಅರ್ಥಮಾಡಿಕೊಂಡು 'ಶರಿ, ಶರಿ' ಎಂದು ತಲೆಯಾಡಿಸಿ ಬರುತ್ತಾರೆ. ಅವರ ಕಾಯಿಲೆಯ ಕುರಿತು ಅವರದೇ ಭಾಷೆಯಲ್ಲಿ ಹತ್ತು ನಿಮಿಷ ಬಿಡಿಸಿ ಹೇಳಿದ ಮೊದಲ ವೈದ್ಯರು ಆ ಮೊಬೈಲಿನವರು. ಹೀಗಿರುವಾಗ ವೈದ್ಯರು ಜಾಲತಾಣಗಳಲ್ಲಿ ಮಾತನಾಡಲೇಬಾರದು ಎಂಬ ವಾದವನ್ನು ನಾನು ಒಪ್ಪಲಾರೆ. ನಮ್ಮಂಥ ಗಡಿನಾಡಿನವರಿಗೆ ಅದರಿಂದಾಗುವ ನಷ್ಟ ಹೆಚ್ಚು.

ಆದರೆ ಈಗ ನಿಯಮ ಎಲ್ಲಿದೆ? ವೈದ್ಯರ ನಡತೆಯನ್ನು ನಿರ್ದೇಶಿಸುವ 2002ರ ನಿಯಮಾವಳಿ ಫೇಸ್‌ಬುಕ್ ಹುಟ್ಟುವ ಮೊದಲಿನದು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿದಾಗ ಸಾಮಾಜಿಕ ಜಾಲತಾಣಕ್ಕೆಂದೇ ಒಂದು ಭಾಗವಿತ್ತು: ಹೇಳುವ ಮಾಹಿತಿ ವಾಸ್ತವವೂ ಪರಿಶೀಲಿಸಬಹುದಾದದ್ದೂ ಆಗಿರಬೇಕು, ರೋಗಿಗೆ ಎಲ್ಲರೆದುರು ಔಷಧ ಸೂಚಿಸಬಾರದು, ಗುಣವಾದವರಿಂದ ಹೊಗಳಿಕೆಯ ವಿಡಿಯೋ ಹಾಕಿಸಬಾರದು, ದುಡ್ಡು ಕೊಟ್ಟು ಲೈಕ್ ಕೊಳ್ಳಬಾರದು. ಕಂಪನಿಯ ಬ್ರಾಂಡ್ ಹೆಸರಿನ ಬದಲು ಜೆನೆರಿಕ್ (ಮೂಲ ಹೆಸರಿನ) ಔಷಧವನ್ನೇ ಬರೆಯಬೇಕೆಂಬ ಷರತ್ತಿಗೆ ವೈದ್ಯರ ಸಂಘಟನೆಗಳಿಂದ ಜೋರು ವಿರೋಧ ಬಂತು; ಅದೇ ತಿಂಗಳು ಇಡೀ ನಿಯಮಾವಳಿಯನ್ನೇ ತಡೆಹಿಡಿಯಲಾಯಿತು, ಅದರೊಂದಿಗೆ ಈ ಭಾಗವೂ ಮೂಲೆ ಸೇರಿತು. ಆರೋಗ್ಯದ ಬಗ್ಗೆ ಮಾತನಾಡುವ ವೈದ್ಯರು ತಮ್ಮ ಅರ್ಹತೆಯನ್ನು ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅದೇ ಸಮಯದಲ್ಲಿ ಹೇಳಿದ್ದುಂಟು. ಆದರೆ ಅತ್ತೆಯನ್ನು ನಂಬಿಸಿದ್ದೇ ಆ ಅರ್ಹತೆ.

ಹಾಗೆಂದು ಪರಿಶೀಲಿಸಬಹುದಾದದ್ದನ್ನು ಮಾತ್ರ ಹೇಳಿ ಎಂಬ ನಿಯಮ ಕಣ್ಣುಮುಚ್ಚಿ ಜಾರಿಯಾದರೆ ಸಾಕೇ ಎಂದು ಯೋಚಿಸುವಾಗ ನನಗೆ ನಮ್ಮ ಕಾಸರಗೋಡಿನದೇ ಎಣ್ಮಕಜೆ ಪಂಚಾಯತಿ ನೆನಪಾಗುತ್ತದೆ. 1970ರ ದಶಕದಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲದಲ್ಲಿ, ಅಲ್ಲಿನ ಪಡ್ರೆ ಗ್ರಾಮದ ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಪುಟ್ಟ ಕ್ಲಿನಿಕ್ಕಿಗೆ ಬರುವವರಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿವೆ ಎಂದು ಗುರುತಿಸಿ, ಅದನ್ನು ಬರೆದರು, ಹೇಳಿದರು. ಆಗ ಅವರ ಕೈಯಲ್ಲಿದ್ದದ್ದು ಪ್ರಯೋಗಾಲಯದ ವರದಿಯಲ್ಲ, ವರ್ಷಗಟ್ಟಲೆ ಒಂದೇ ಊರಿನವರನ್ನು ನೋಡಿದ ಅನುಭವ. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಪುರಾವೆ ಪೂರ್ಣವಾಗುವವರೆಗೆ ವೈದ್ಯರು ಬಾಯಿ ಮುಚ್ಚಿಕೊಂಡಿರಬೇಕೆಂಬ ನಿಯಮ ಇದ್ದಿದ್ದರೆ ಸ್ವರ್ಗ, ಪಡ್ರೆ ಎಂಬ ಊರುಗಳ ಮಕ್ಕಳ ಸಂಗತಿ ಹೊರಜಗತ್ತಿಗೆ ಇನ್ನೆಷ್ಟು ತಡವಾಗಿ ತಿಳಿಯುತ್ತಿತ್ತೋ.

ಪಡ್ರೆಯ ವೈದ್ಯರ ಮಾತಿಗೂ ಆ ವಿಡಿಯೋದ ಮಾತಿಗೂ ಇರುವ ಅಂತರವನ್ನು ಹಿಡಿಯುವ ನಿಯಮ ನಮಗೆ ಬೇಕು. ಒಬ್ಬರು ತಾವು ಕಂಡ ಅಪಾಯವನ್ನು ಊರಿಗೆ ತಿಳಿಸಿದರು, ಅದರಿಂದ ಅವರಿಗೆ ಮೂರು ಕಾಸಿನ ಲಾಭವಿರಲಿಲ್ಲ. ಇನ್ನೊಬ್ಬರು ಎಂದೂ ನೋಡದ ರೋಗಿಯ ಔಷಧವನ್ನು ನಿಲ್ಲಿಸಿ, ಆ ಜಾಗದಲ್ಲಿ ತಮ್ಮ ಸರಕನ್ನು ಮಾರಿದರು. ಪರೀಕ್ಷಿಸದೆ ಔಷಧ ಬರೆಯುವುದು ತಪ್ಪಾದರೆ ಪರೀಕ್ಷಿಸದೆ ಔಷಧ ಬಿಡಿಸುವುದೂ ಅಷ್ಟೇ ತಪ್ಪೆಂದು ನಿಯಮ ಸ್ಪಷ್ಟವಾಗಿ ಹೇಳಬೇಕು. ಚಿಕಿತ್ಸೆಯ ಬಗ್ಗೆ ಮಾತನಾಡುವ ವಿಡಿಯೋದಲ್ಲೇ ಮಾರಾಟ ನಡೆಯಕೂಡದು. ನೋಂದಣಿ ಸಂಖ್ಯೆಯೂ ನೋಂದಾಯಿಸಿದ ರಾಜ್ಯ ವೈದ್ಯಕೀಯ ಪರಿಷತ್ತಿನ ಹೆಸರೂ ತೆರೆಯ ಮೇಲೆ ಕಾಣಬೇಕು. 2020ರ ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ದೂರದಿಂದಲೇ ಕೊಡುವ ಚಿಕಿತ್ಸೆಯ) ಮಾರ್ಗಸೂಚಿ ವೈದ್ಯರ ಚೀಟಿಗೂ ವಿದ್ಯುನ್ಮಾನ ಸಂವಹನಕ್ಕೂ ನೋಂದಣಿ ಸಂಖ್ಯೆಯನ್ನು ಈಗಾಗಲೇ ವಿಧಿಸಿರುವುದರಿಂದ ಇದೇನೂ ಹೊಸ ಹೊರೆಯಲ್ಲ. ಇನ್ನೊಂದು ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ: 2019ರ ವೈದ್ಯಕೀಯ ಆಯೋಗ ಕಾಯಿದೆಯ 30ನೇ ಸೆಕ್ಷನ್ ರಾಜ್ಯ ಪರಿಷತ್ತಿನ ಕ್ರಮದ ವಿರುದ್ಧ ಮೇಲ್ಮನವಿಯ ಹಕ್ಕನ್ನು ವೈದ್ಯರಿಗೆ ಕೊಟ್ಟಿದೆ, ದೂರು ಕೊಟ್ಟ ರೋಗಿಯ ಹೆಸರನ್ನೇ ಎತ್ತಿಲ್ಲ. ಆ ಬಾಗಿಲು ರೋಗಿಗೂ ತೆರೆಯಬೇಕು.

ಅತ್ತೆ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ನಾನೇ ದಿನಾ ರಾತ್ರಿ ಕೇಳುತ್ತೇನೆ. ನಾವಿರುವುದು ಕೇರಳದಲ್ಲಾದರೂ ಆ ವೈದ್ಯರ ನೋಂದಣಿ ಇರುವುದು ಕರ್ನಾಟಕದಲ್ಲಿ, ಆದ್ದರಿಂದ ಅಲ್ಲಿನ ಪರಿಷತ್ತಿಗೆ ಕನ್ನಡದಲ್ಲೇ ದೂರು ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ದರೆ ಆ ವಿಡಿಯೋದ ಕೊಂಡಿ, ನೋಡಿದ ದಿನಾಂಕ, ಮಾತ್ರೆ ನಿಲ್ಲಿಸಿದ ಮೇಲಿನ ಪರೀಕ್ಷೆಯ ಚೀಟಿ ಮೂರನ್ನೂ ದಯವಿಟ್ಟು ತೆಗೆದಿಡಿ. ದೂರು ಬರೆಯಲು ಕುಳಿತಾಗ ನನ್ನ ಬಳಿ ಎರಡನೆಯದು ಇರಲಿಲ್ಲ.