ತೆಂಕು ಮುಖದ ತಂತಿ

ಮಸ್ಕತ್ತಿನ ಕೆಲಸ ಮುಗಿಸಿ ಊರಿಗೆ ಬಂದ ಭಾವ ತಮ್ಮ ಸ್ಟೀರಿಯೋ ರಿಸೀವರನ್ನು ಉಡುಪಿಯ ನಮ್ಮ ಮನೆಯಲ್ಲಿ ಇಳಿಸಿದರು. ಎತ್ತಿದರೆ ಬೆಳೆದ ಹಲಸಿನಕಾಯಿಯಷ್ಟು ಭಾರ, ಮುಂಭಾಗದಲ್ಲಿ ಗುಂಡಿಗಳ ಸಂತೆ. ಸ್ಪೀಕರ್ ಜೋಡಿಸಿ ರೇಡಿಯೋ ಹಾಕಿದರೆ ಬಂದದ್ದು ಹಂಚಿನ ಮಾಡಿನ ಮೇಲೆ ಆಟಿಯ ಮಳೆ ಸುರಿದಂಥ ಸದ್ದು ಮಾತ್ರ.

"ಅದರ ಜೊತೆ ಒಂದು ಚಪ್ಪಟೆ ತಂತಿ ಇತ್ತಲ್ಲ?" ಎಂದರು ಭಾವ.

ಇತ್ತು. ಟಿ ಆಕಾರದ ಕಂದು ರಿಬ್ಬನ್, ಎಫ್‌.ಎಂ. ಹಿಡಿಯುವ ಆಂಟೆನಾ ಅದೇ. ಪೆಟ್ಟಿಗೆ ಕಟ್ಟಲು ಬಂದ ದಾರವಿರಬೇಕೆಂದು ತಿಳಿದು ಅಮ್ಮ ಅದನ್ನು ಬಸಳೆ ಚಪ್ಪರಕ್ಕೆ ಬಿಗಿದಿದ್ದಳು. ಬಳ್ಳಿ ಅದನ್ನು ಹಿಡಿದು ಒಂದು ಗೇಣು ಮೇಲೇರಿಯೂ ಆಗಿತ್ತು. ಬಿಚ್ಚುವಾಗ ಅಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನನ್ನ ಬಾಲ್ಯದ ರೇಡಿಯೋಕ್ಕೆ ಇಂಥ ಉಪಚಾರ ಬೇಕಿರಲಿಲ್ಲ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಆಗ ಮಧ್ಯಮ ತರಂಗದಲ್ಲಿ ಬರುತ್ತಿತ್ತು. ಅದನ್ನು ಹಿಡಿಯುವ ಫೆರೈಟ್ ಸರಳು ಟ್ರಾನ್ಸಿಸ್ಟರಿನ ಹೊಟ್ಟೆಯೊಳಗೇ ಇತ್ತು, ಪೆಟ್ಟಿಗೆಯನ್ನು ಸ್ವಲ್ಪ ತಿರುಗಿಸಿದರೆ ಸಾಕಿತ್ತು. ಎಫ್‌.ಎಂ. ಅಲೆ ನೆಟ್ಟಗೆ ನಡೆಯುವ ಜಾತಿ, ಗುಡ್ಡ ಅಡ್ಡ ಬಂದರೆ ಬಳಸಿ ಬರುವ ಸೌಜನ್ಯ ಅದಕ್ಕೆ ಕಡಿಮೆ. ಪಕ್ಕದ ಮಣಿಪಾಲದ ಸಮುದಾಯ ಬಾನುಲಿ 90.4ಕ್ಕೆ ಒಂದು ತುಂಡು ತಂತಿ ಸಿಕ್ಕಿಸಿದರೂ ಸಾಕಾಯಿತು. ನನಗೆ ಬೇಕಾದದ್ದು ಮಂಗಳೂರು ಆಕಾಶವಾಣಿಯ 100.3, ಅದರಲ್ಲಿಯೂ ತಾಳಮದ್ದಳೆ. ಮಂಗಳೂರೋ, ರಸ್ತೆಯಲ್ಲಿ ಹೋದರೆ ಸುಮಾರು 55 ಕಿಲೋಮೀಟರ್ ಆಚೆ.

ತಂತಿ ಸಿಕ್ಕಿತು, ಸಿಕ್ಕಿಸುವ ಜಾಗ ಸಿಗಲಿಲ್ಲ. ರಿಬ್ಬನ್ನಿನ ಬಾಲದಲ್ಲಿ ಎರಡು ಬರಿಯ ಎಳೆಗಳು, ರಿಸೀವರಿನ ಬೆನ್ನಿನಲ್ಲಿ ಒಂದೇ ಗುಂಡು ತೂತು. ಸಂಕೇತಕ್ಕೆ ಒಡ್ಡುವ ತಡೆಯ ಲೆಕ್ಕದಲ್ಲಿ ತಂತಿ 300 ಓಮ್‌ನದು, ತೂತು 75 ಓಮ್‌ನದು. ಇವೆರಡರ ಜಾತಕ ಕೂಡಿಸಲು ಬಾಲನ್ ಎಂಬ ಹೆಬ್ಬೆರಳು ಗಾತ್ರದ ದಲ್ಲಾಳಿ ಬೇಕು. ಪೇಟೆಯ ಮೊದಲ ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಟ್ಟುಹಬ್ಬದ ಸಾಮಾನು ಎದುರಿನ ಅಂಗಡಿಯಲ್ಲಿ ಸಿಗುತ್ತದೆ ಎಂದ. ಮೂರನೆಯ ಅಂಗಡಿಯ ಹಿರಿಯರು ಮಾತ್ರ ಏನೂ ಕೇಳದೆ ಏಣಿ ಹತ್ತಿ, ಅಟ್ಟದ ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಸುರಿದರು. ಮಾಡಿನ ಮೇಲೆ ದೂರದರ್ಶನದ ಆಂಟೆನಾ ನಿಲ್ಲಿಸುತ್ತಿದ್ದ ಕಾಲದ ಸರಕು. "ನಾಲ್ಕು ಉಳಿದಿವೆ, ನಾಲ್ಕನ್ನೂ ತೆಗೆದುಕೊಂಡು ಹೋಗಿ ಮಾರಾಯರೇ" ಎಂದರು. ನಾಲ್ಕನ್ನೂ ತಂದೆ. ಮೂರು ಈಗ ನನ್ನ ಡಬ್ಬಿಯಲ್ಲಿವೆ.

ಇನ್ನು ಹರಡುವ ಕೆಲಸ. 100.3 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಅರ್ಧಕ್ಕಿಂತ ತುಸು ಕಡಿಮೆ ಎಂದರೆ ಟಿ ಅಕ್ಷರದ ಅಡ್ಡಗೈ, 1.4 ಮೀಟರ್ ಚಿಲ್ಲರೆ. ಅದನ್ನು ನೆಟ್ಟಗೆ ಚಾಚಿಯೇ ಕಟ್ಟಬೇಕು, ಸಿಂಬಿ ಸುತ್ತಿ ಕಪಾಟಿನ ಹಿಂದೆ ತುರುಕಿದರೆ ಬಸಳೆಗೆ ಕಟ್ಟಿದ್ದಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲ. ಇನ್ನೊಂದು ವಿಷಯ: ಈ ತಂತಿಗೆ ಕೇಳುವುದು ಅದರ ಅಗಲದ ಎರಡು ಬದಿಗಳಿಂದ, ತುದಿಗಳ ಕಡೆ ಅದು ಕಿವುಡು. ಮಂಗಳೂರು ನಮಗೆ ತೆಂಕು. ಹಾಗಾಗಿ ತಂತಿ ಮೂಡು ಪಡುವಾಗಿ ಮಲಗಬೇಕು. ಬಡಗುತಿಟ್ಟಿನ ಆಟ ನೋಡಿ ಬೆಳೆದ ಮನೆಯಲ್ಲಿ ಆಂಟೆನಾ ಮಾತ್ರ ತೆಂಕುತಿಟ್ಟಿನದಾಯಿತು.

ಚಾವಡಿಯಲ್ಲಿ ಮೂಡು ಪಡುವಾಗಿ ಇರುವುದು ಒಂದೇ ಗೋಡೆ, ಅದರಲ್ಲಿ ಅಜ್ಜ ಮತ್ತು ಅಜ್ಜಿಯ ಫೋಟೋಗಳು. ಹೊಸ ಮೊಳೆಗೆ ಅಮ್ಮನ ಅನುಮತಿಯಿಲ್ಲ. ತಂತಿಯ ಒಂದು ತುದಿಯನ್ನು ಅಜ್ಜನ ಮೊಳೆಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಎಳೆದೆ. ಮಳೆ ನಿಂತಿತು! ಚೆಂಡೆ, ಅದರ ಹಿಂದೆಯೇ ಭಾಗವತರ ಸ್ವರ. ಕೈಯಲ್ಲಿದ್ದ ತುದಿಯನ್ನು ಅಜ್ಜಿಯ ಮೊಳೆಗೆ ಸಿಕ್ಕಿಸಿ ಹಿಂದೆ ಸರಿದರೆ ಮತ್ತೆ ಆಟಿ. ಹತ್ತಿರ ಹೋದರೆ ಭಾಗವತರು, ಕುರ್ಚಿಗೆ ಬಂದರೆ ಮಳೆ. ಉಪ್ಪುನೀರು ತುಂಬಿದ ಮನುಷ್ಯ ದೇಹವೂ ಅಲೆಯ ಆಟದಲ್ಲಿ ಪಾಲುದಾರನೇ. ಅದು ಓದಿ ತಿಳಿದದ್ದು, ಭುಜ ನೋವಿನಿಂದ ತಿಳಿದದ್ದು ಆವತ್ತು. ಕರ್ಣನ ಮಾತು ಮುಗಿಯುವ ತನಕ ನಾನು ಗೋಡೆಗೆ ಕೈ ಚಾಚಿ ನಿಂತೆ. ಭಾವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳಿದರು. "ಸ್ವಲ್ಪ ಎಡಕ್ಕೆ" ಎಂದು ನಡುವೆ ಎರಡು ಸಲ ಹೇಳಿದರು.

ಮಾಡಿನ ಮೇಲೆ ಐದಾರು ಕಡ್ಡಿಗಳ ಯಾಗಿ ಆಂಟೆನಾ ನಿಲ್ಲಿಸಿದರೆ ಈ ತಪಸ್ಸು ಬೇಡ. ಆದರೆ ಕಡಲಗಾಳಿಯ ಉಪ್ಪು ಕಬ್ಬಿಣವನ್ನು ಬಿಡುವುದಿಲ್ಲ, ಮೇ ತಿಂಗಳ ಸಿಡಿಲು ಎತ್ತರದ್ದನ್ನೇ ಹುಡುಕುತ್ತದೆ. ಭಾವನ ರಿಸೀವರನ್ನು ಅದಕ್ಕೆ ಒಡ್ಡುವ ಮನಸ್ಸಾಗಲಿಲ್ಲ. ಕೊನೆಗೆ ಫೋಟೋಗಳನ್ನು ಬಿಟ್ಟು, ತಂತಿಯನ್ನು ಒಂದು ಬಿದಿರ ಕೋಲಿಗೆ ಬಿಗಿದು ಜಗಲಿಯ ಮಾಡಿನ ಒಳಮೈಗೆ, ಮಳೆ ತಾಗದಂತೆ ತೂಗು ಹಾಕಿದೆ. ಎರಡಾಳು ಎತ್ತರ, ತೆಂಕಿಗೆ ತೋಟವಷ್ಟೇ ಅಡ್ಡ. ಜಗಲಿಯಿಂದ ಒಳಗೆ ಬರಲು ಉದ್ದದ ತಂತಿ ಬೇಕಲ್ಲ? ಬಿಟ್ಟುಹೋದ ಕೇಬಲ್ ಟಿವಿಯ ಕಪ್ಪು ವಯರು ಕಿಟಕಿಯ ಹೊರಗೆ ವರ್ಷಗಟ್ಟಲೆ ಜೋತಾಡುತ್ತಿತ್ತು, ಅದೂ 75 ಓಮ್‌ನದೇ. ಬಾಲನ್ನನ್ನು ಜಗಲಿಯಲ್ಲೇ ಕೂರಿಸಿ ಅದನ್ನು ಒಳಗೆಳೆದೆ.

ಈಗ ಯಾರೂ ನಿಲ್ಲಬೇಕಿಲ್ಲ. ಸ್ಟೀರಿಯೋದಲ್ಲಿ ಮಾತ್ರ ಒಂದು ತುಂತುರು ಉಳಿದಿದೆ. ಎರಡು ಸ್ಪೀಕರಿಗೆ ಬೇರೆ ಬೇರೆ ಧ್ವನಿ ಹಂಚಲು ಸಂಕೇತ ಇನ್ನೂ ಬಲವಾಗಿರಬೇಕು. ಕರ್ಣ ಎಡಕ್ಕೆ, ಕೃಷ್ಣ ಬಲಕ್ಕೆ ಕೂರುತ್ತಾರೆ ಎಂಬ ಆಸೆ ನನಗಿತ್ತು. ಮೋನೋ ಗುಂಡಿ ಒತ್ತಿದೆ, ತುಂತುರು ಹೋಯಿತು, ಇಬ್ಬರೂ ಒಂದೇ ಚಾಪೆಗೆ ಬಂದರು. ವಾದಕ್ಕೇನೂ ಕೊರತೆಯಾಗಲಿಲ್ಲ.

"ಬಸಳೆಗೆ ಇನ್ನು ಎಂತ ಕಟ್ಟುವುದು?" ಎಂದಳು ಅಮ್ಮ. ಉಳಿದ ಕೇಬಲ್ ವಯರನ್ನು ತುಂಡು ಮಾಡಿ ಚಪ್ಪರಕ್ಕೆ ಬಿಗಿದುಕೊಟ್ಟೆ. ಬಳ್ಳಿ ಓಮ್ ಕೇಳದೆ ಹತ್ತುತ್ತಿದೆ.