ಡ್ಯಾಮಿಗಿಂತ ಮೊದಲೇ ಕಾಲುವೆ!
ಮೊನ್ನೆ ಗಂಗಾವತಿಯಲ್ಲಿ ಅಪ್ಪನ ಜೊತೆ ಒಂದು ಸಿನಿಮಾ ನೋಡಿದೆ. ಕಥೆ ನಡೆಯೋದು 1940ರಲ್ಲಿ, ನಮ್ಮ ಭಾಗದಲ್ಲೇ. ರೈತ ಮಳೆಗಾಗಿ ಮುಗಿಲು ನೋಡುತ್ತಾ ನಿಂತಿದ್ದಾನೆ, ಅವನ ಬೆನ್ನ ಹಿಂದೆ ತುಂಗಭದ್ರಾ ಎಡದಂಡೆ ಕಾಲುವೆ ತುಂಬಿ ಹರೀತಿದೆ! ಅಣೆಕಟ್ಟಿನ ಕೆಲಸ ಶುರುವಾಗಿದ್ದೇ 1945ರಲ್ಲಿ. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಡ್ಯಾಮೇ ಇಲ್ಲ, ನೀರ ಎಲ್ಲಿಂದ ಬಂತಪಾ?" ಅಂದರು. ಅಲ್ಲಿಗೆ ನನಗೆ ಕಥೆಯ ಮೇಲಿನ ನಂಬಿಕೆಯೇ ಹೋಯ್ತು.

ಆಮೇಲೆ ಬರೀ ತಪ್ಪುಗಳೇ ಕಣ್ಣಿಗೆ ಬಿದ್ದವು. ತಾಯಿ ಅಳುತ್ತಾ ರೊಟ್ಟಿ ಮುರೀತಾಳೆ. ಮಗನ ಮುಖ ತೋರಿಸಿ ಮತ್ತೆ ಅವಳ ಕಡೆ ಬಂದರೆ ಕೈಯಲ್ಲಿ ಇಡೀ ರೊಟ್ಟಿ! ನಟಿ ಎಷ್ಟು ಚಂದ ಮಾಡಿದ್ದಳು, ಎಲ್ಲಾ ನೀರುಪಾಲು. ಒಂದೇ ದೃಶ್ಯವನ್ನು ಬೇರೆ ಬೇರೆ ಹೊತ್ತಲ್ಲಿ ತೆಗೀತಾರೆ, ಗೊತ್ತು. ಅದಕ್ಕಂತಲೇ ಫೋಟೋ ತೆಗೆದು ಕಂಟಿನ್ಯುಟಿ, ಅಂದ್ರೆ ಹಿಂದಿನ ಶಾಟಲ್ಲಿ ಏನು ಹೇಗಿತ್ತು ಅನ್ನೋದನ್ನ, ಬರೆದಿಡೋರು ಇರ್ತಾರಲ್ಲ? ಎಡಿಟಿಂಗ್, ಡಬ್ಬಿಂಗ್ ಅಂತ ಎಷ್ಟು ಜನ ನೋಡಿರ್ತಾರೆ!

ಹಂಪಿಯ ಕಲ್ಲಿನ ರಥದ್ದೂ ಇದೇ ಪಾಡು. ವಿಜಯನಗರದ ವೈಭವದ ಕಥೆ ಹೇಳೋ ಸಿನಿಮಾಗಳಲ್ಲೂ ಇವತ್ತಿನ ಬೋಳು ರಥವನ್ನೇ ತೋರಿಸ್ತಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರ ಇನ್ನೂ ನಿಂತಿದೆ.

ನಮ್ಮ ನೆಲ ತೆರೆ ಮೇಲೆ ಬರುತ್ತೆ ಅಂತ ಆಸೆಯಿಂದ ಹೋಗ್ತೀವಿ ರೀ. ಶೂಟಿಂಗ್ ದಿನ ಕಾಲುವೆ ದಂಡೆ ಮೇಲೆ ನಿಂತ ಒಬ್ಬ ಹಿರಿಯರನ್ನು ಕೇಳಿದ್ದರೂ ಸಾಕಿತ್ತು, ಕಾಲುವೆ ಬಿಟ್ಟು ಬೇರೆ ಕಡೆ ಕ್ಯಾಮೆರಾ ತಿರುಗಿಸಿ ಅಂತಿದ್ದರು.